ಪೆರ್ನಾಲಿನ ವ್ಯಾಪಾರ, ದಿನದ ಗಿರಾಕಿ: ನಮ್ಮೂರಿನ ಸೆವೆನ್ಸ್ ಫುಟ್ಬಾಲ್

ಕಾಸರಗೋಡು ಜಿಲ್ಲೆ ಸಣ್ಣದು. ಆದರೆ ತೆಂಕಿನಿಂದ ಬಡಗಿಗೆ ಬರುತ್ತಾ ಬರುತ್ತಾ ಆಟ ಬದಲಾಗುತ್ತದೆ. ತೃಕ್ಕರಿಪುರ, ಚೆರುವತ್ತೂರು ಕಡೆ ಮಕ್ಕಳು ನಡೆಯಲಿಕ್ಕೆ ಕಲಿಯುವಾಗಲೇ ಕಾಲಿಗೆ ಚೆಂಡು ಸಿಕ್ಕಿರುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೂ ಮೊಗ್ರಾಲ್ ಒಂದು ಉಂಟು. ಅಲ್ಲಿ ಫುಟ್ಬಾಲ್ ಅಜ್ಜಂದಿರ ಕಾಲದ್ದು. ಕುಂಬಳೆ ಕಳೆದು ಶಿರಿಯ ಹೊಳೆ ದಾಟಿ ನಮ್ಮ ಉಪ್ಪಳ, ಮಂಜೇಶ್ವರಕ್ಕೆ ಬಂದರೆ ಕಬಡ್ಡಿ ಮತ್ತು ಅಂಡರ್ ಆರ್ಮ್ ಕ್ರಿಕೆಟ್‌ನದ್ದೇ ಕಾರುಬಾರು. ಫುಟ್ಬಾಲ್ ಇಲ್ಲವೆಂದಲ್ಲ. ಟಿವಿಯಲ್ಲಿ ಉಂಟು, ವಿಶ್ವಕಪ್ ಬಂದರೆ ರಸ್ತೆ ಬದಿಯ ಫ್ಲೆಕ್ಸ್‌ನಲ್ಲಿ ಉಂಟು, ಗಂಟೆಗೆ ಬಾಡಿಗೆ ಕೊಟ್ಟು ಆಡುವ ಟರ್ಫ್‌ನಲ್ಲಿ ಉಂಟು. ಆದರೆ ನಾನು ಚಿಕ್ಕವನಿದ್ದಾಗ ಮದ್ರಸ ಬಿಟ್ಟ ಮಕ್ಕಳು ಬಯಲಿನಲ್ಲಿ ಚೆಂಡಿನ ಹಿಂದೆ ಓಡುವುದನ್ನು ಕಂಡ ನೆನಪಿಲ್ಲ.

ಇದೇ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ 2009–10ರ ಐ-ಲೀಗ್‌ನಲ್ಲಿ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು. 2016ರ ಐಎಸ್ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದದ್ದೂ ಅವರೇ. ತೃಕ್ಕರಿಪುರಕ್ಕೂ ನಮಗೂ ರೈಲಿನಲ್ಲಿ ಎರಡು ಗಂಟೆಯ ದಾರಿಯೂ ಇಲ್ಲ. ಆದರೂ ಆಟ ಅಲ್ಲಿಂದ ಇಲ್ಲಿಗೆ ತಾನಾಗಿ ನಡೆದುಕೊಂಡು ಬರಲಿಲ್ಲ. ಯಾರಾದರೂ ತರಬೇಕಾಯಿತು. ತಂದದ್ದು ಸೆವೆನ್ಸ್.

ಸೆವೆನ್ಸ್ ಗೊತ್ತಿಲ್ಲದ ಮಂಗಳೂರು ಕಡೆಯ ಓದುಗರಿಗಾಗಿ ಎರಡು ಮಾತು. ಒಂದು ತಂಡಕ್ಕೆ ಏಳು ಜನ. ಮೈದಾನ ಚಿಕ್ಕದು, ಆದ್ದರಿಂದ ಆಟ ಬಿರುಸು. ಮಳೆ ನಿಂತು ಗದ್ದೆ ಕೊಯ್ಲು ಮುಗಿದ ಮೇಲೆ ಶುರುವಾದರೆ ಮುಂದಿನ ಮಳೆ ಬರುವ ತನಕ ಸೀಸನ್. ಗದ್ದೆಯಲ್ಲಿ ತಾತ್ಕಾಲಿಕ ಗ್ಯಾಲರಿ ಕಟ್ಟುತ್ತಾರೆ, ಲೈಟ್ ಹಾಕುತ್ತಾರೆ, ಇಶಾ ಕಳೆದು ಟಿಕೆಟ್ ಹರಿಯುತ್ತಾರೆ. ನಾಕೌಟ್ ಪಂದ್ಯ, ರಾತ್ರಿಗೆ ಒಂದರಂತೆ ವಾರಗಟ್ಟಲೆ ನಡೆಯುತ್ತದೆ. ಹನ್ನೊಂದು ಜನರ ಫುಟ್ಬಾಲಿನ ಅಧಿಕೃತ ವ್ಯವಸ್ಥೆಯ ಹೊರಗೆ, ಊರವರೇ ಬೆಳೆಸಿದ ಆಟ ಇದು. ಮಲಪ್ಪುರಂ ಇದರ ತವರುಮನೆ. 2018ರಲ್ಲಿ ಬಂದ ಝಕರಿಯಾ ನಿರ್ದೇಶನದ ‘ಸುಡಾನಿ ಫ್ರಂ ನೈಜೀರಿಯಾ’ ನೋಡಿದವರಿಗೆ ಇದೆಲ್ಲ ಕಣ್ಣಮುಂದೆ ಬಂದೀತು.

ನನಗೆ ಸೆವೆನ್ಸ್‌ನಲ್ಲಿ ಮೊದಲು ಇಷ್ಟವಾದದ್ದು ತಂಡಗಳ ಹೆಸರು. ಸೂಪರ್ ಸ್ಟುಡಿಯೋ ಮಲಪ್ಪುರಂ, ಲಿನ್ಶಾ ಮೆಡಿಕಲ್ಸ್ ಮಣ್ಣಾರ್ಕಾಡ್, ರಾಯಲ್ ಟ್ರಾವೆಲ್ಸ್ ಕೋಝಿಕ್ಕೋಡ್. ಪೇಟೆಯಲ್ಲಿ ನಡೆದು ಹೋಗುತ್ತಾ ಅಂಗಡಿಗಳ ಬೋರ್ಡ್ ಓದಿದ ಹಾಗೆ! ನಾನು ದಿನಸಿ ಅಂಗಡಿಯವನ ಮಗ. ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ನಾಲ್ಕು ವರ್ಷ ದಮಾಮ್‌ನಲ್ಲಿ ಪಂಪ್ ರಿಪೇರಿ ಮಾಡಿ ಬಂದವನು, ಈಗ ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವನು. ಆದರೂ ಯಾವ ವಿಷಯ ಬಂದರೂ ಮನಸ್ಸು ಗಲ್ಲೆಯ ಕಡೆಯಿಂದಲೇ ಯೋಚಿಸುತ್ತದೆ. ದೊಡ್ಡ ಕಂಪೆನಿಯ ದುಡ್ಡಿಲ್ಲದೆ ಸ್ಟುಡಿಯೋದವರು, ಮೆಡಿಕಲ್‌ನವರು, ಟ್ರಾವೆಲ್ಸ್‌ನವರು ಸೇರಿ ಒಂದು ಆಟವನ್ನು ಇಷ್ಟು ದೂರ ತಂದರಲ್ಲ, ಹಾಗಾದರೆ ನಮ್ಮ ಪೇಟೆಗೆ ಯಾಕೆ ಆಗಲಿಕ್ಕಿಲ್ಲ ಎಂದು ನಾವು ಕೆಲವರು ಯೋಚಿಸಿದೆವು.

ಮೂರು ಸೀಸನ್ ಹಿಂದೆ ನಮ್ಮ ಕ್ಲಬ್ ಮೊದಲ ಪಂದ್ಯಾಟ ಇಟ್ಟಿತು. ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದೆವು. ಬಟ್ಟೆ ಅಂಗಡಿ, ಹೋಟೆಲ್, ಟೈಲ್ಸ್ ಅಂಗಡಿ ಎಲ್ಲರೂ ಒಂದೊಂದು ಬೋರ್ಡ್ ತೆಗೆದುಕೊಂಡರು. ಗಲ್ಫ್‌ನ ಗೆಳೆಯರು ಟ್ರೋಫಿ ಕೊಟ್ಟರು. ಮೊದಲ ವಾರ ಜನ ಕಮ್ಮಿ. ಅನೌನ್ಸ್ ಮಾಡಲಿಕ್ಕೆ ತೆಂಕಿನಿಂದ ಕರೆಸಿದವರ ಮಲಯಾಳಂ ನಮ್ಮ ಹಿರಿಯರಿಗೆ ಅರ್ಧ ಅರ್ಥವಾಗುತ್ತಿತ್ತು, ತುಳುವಿನವರಿಗೆ ಅದೂ ಇಲ್ಲ. ಎರಡನೇ ವಾರ ಮೈಕನ್ನು ಊರಿನ ಒಬ್ಬ ಆಟೋ ಚಾಲಕನಿಗೆ ಕೊಟ್ಟೆವು. ಅವನು ಬ್ಯಾರಿಯಲ್ಲಿ ಶುರು ಮಾಡಿ, ಕನ್ನಡಕ್ಕೆ ಹಾರಿ, ಗೋಲು ಬಿದ್ದಾಗ ತುಳುವಿನಲ್ಲಿ ಕೂಗುತ್ತಿದ್ದ. ಮರುದಿನದಿಂದ ಮನೆಯಲ್ಲಿ ಕೂತಿದ್ದ ಮುದುಕರೂ ಕುರ್ಚಿ ಹಿಡಿದುಕೊಂಡು ಬಂದರು. ಆಟ ಹೊಸ ಊರಿಗೆ ಹೋಗುವಾಗ ಆ ಊರಿನ ಮಾತನ್ನು ಬಾಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ನಮಗೆ ಹೀಗೆ ಗೊತ್ತಾಯಿತು.

ಜನ ಹೆಚ್ಚಾದ ಹಾಗೆ ಇನ್ನೊಂದು ಚಿಂತೆ ಬಂತು. 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡ್‌ನಲ್ಲಿ ಸೆವೆನ್ಸ್ ನಡೆಯುವಾಗ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನರಿಗೆ ಪೆಟ್ಟಾಗಿತ್ತು. ಆ ವಿಡಿಯೋ ನೀವೂ ನೋಡಿರಬಹುದು. 2025ರ ಫೆಬ್ರವರಿಯಲ್ಲಿ ಅರೀಕೋಡ್ ಬಳಿ ಪಟಾಕಿ ಪ್ರೇಕ್ಷಕರ ನಡುವೆ ಬಿದ್ದು 30ಕ್ಕೂ ಹೆಚ್ಚು ಜನ ಗಾಯಗೊಂಡರು. ಕ್ಲಬ್‌ನಲ್ಲಿ ಡಿಪ್ಲೊಮಾ ಮಾಡಿದವನು ನಾನೊಬ್ಬನೇ ಆದ್ದರಿಂದ ಗ್ಯಾಲರಿಯ ಕೆಲಸ ನನ್ನ ತಲೆಗೆ ಬಂತು. ಲೆಕ್ಕ ಕಷ್ಟದ್ದೇನಲ್ಲ. ಒಬ್ಬನಿಗೆ 65 ಕಿಲೋ ಎಂದರೂ 500 ಜನ ಕೂತರೆ ಮೂವತ್ತೆರಡೂವರೆ ಟನ್. ಅದು ಸುಮ್ಮನೆ ಕೂತಾಗಿನ ಭಾರ. ಗೋಲಿಗೆ ಎಲ್ಲರೂ ಒಮ್ಮೆಲೇ ಎದ್ದು ಕುಣಿದಾಗ ಬೀಳುವ ಹೊರೆ ಬೇರೆಯೇ. ನೆಟ್ಟಗಿನ ಕಂಬ ಎಷ್ಟೇ ಗಟ್ಟಿ ಇರಲಿ, ಓರೆಯಾಗಿ ಕಟ್ಟುವ ಪೈಪ್ ಇಲ್ಲದಿದ್ದರೆ ಇಡೀ ಚೌಕಟ್ಟು ಪಕ್ಕಕ್ಕೆ ಮಲಗುತ್ತದೆ. ಗದ್ದೆಯ ಮಣ್ಣು ಬೇರೆ ಮೆತ್ತಗೆ, ಒಂದು ಮಳೆ ಬಂದರೆ ಕಂಬ ಇಳಿಯುತ್ತದೆ. ಹಾಗಾಗಿ ಕಂಬದ ಅಡಿಗೆ ಹಲಗೆ, ಪ್ರತಿ ಸಾಲಿಗೆ ಓರೆ ಪೈಪ್, ದಿನಾ ಸಂಜೆ ಕ್ಲ್ಯಾಂಪ್ ಬಿಗಿಮಾಡುವುದು, ಸೀಟಿನ ಲೆಕ್ಕಕ್ಕಿಂತ ಒಂದು ಟಿಕೆಟೂ ಹೆಚ್ಚಿಗೆ ಕೊಡದಿರುವುದು, ಪಟಾಕಿ ಬೇಡ ಎಂದು ನಿಯಮ ಮಾಡಿದೆವು. ಫೈನಲ್ ದಿನ ಟಿಕೆಟ್ ಮುಗಿದು ಗೇಟ್ ಮುಚ್ಚಿದಾಗ ಬಯ್ದವರು ತುಂಬಾ. ಬಯ್ಗುಳ ತಿಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ಇನ್ನು ಹೊರಗಿನಿಂದ ಬರುವ ಆಟಗಾರರ ವಿಷಯ. ನೈಜೀರಿಯಾ, ಘಾನಾ, ಐವರಿ ಕೋಸ್ಟ್‌ನ ಹುಡುಗರು ಸೆವೆನ್ಸ್‌ನ ದೊಡ್ಡ ಆಕರ್ಷಣೆ. ಅವರು ಬರುತ್ತಾರೆಂದರೆ ಟಿಕೆಟ್ ಹೋಗುತ್ತದೆ. ಆದರೆ 2024ರ ಮಾರ್ಚ್‌ನಲ್ಲಿ ಮಲಪ್ಪುರಂನ ಅರೀಕೋಡ್ ಬಳಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಜನ ಮೈದಾನದಲ್ಲಿ ಅಟ್ಟಿಸಿ ಹೊಡೆದರು. ತನ್ನ ಬಣ್ಣ ಹಿಡಿದು ಹೀಯಾಳಿಸಿದರು ಎಂದು ಆತ ಪೊಲೀಸರಿಗೆ ದೂರು ಕೊಟ್ಟ. ಮನೆ ಬಿಟ್ಟು, ಕಡಲು ದಾಟಿ, ಗೊತ್ತಿಲ್ಲದ ಭಾಷೆಯ ನಾಡಿನಲ್ಲಿ ದುಡಿಯುವುದು ಎಂದರೆ ಏನೆಂದು ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪ್ರತಿ ಮನೆಯಲ್ಲೂ ಅಂಥ ಒಬ್ಬ ಇದ್ದಾನೆ. ನಮ್ಮ ಗದ್ದೆಯಲ್ಲಿ ಆಡಲು ಬಂದವನು ನಮ್ಮ ಮನೆಗೆ ಬಂದ ವಿರುಂದಿನವನ ಹಾಗೆ ಎಂದು ನಮ್ಮ ಚಾಲಕ ಪ್ರತಿ ರಾತ್ರಿ ಮೈಕ್‌ನಲ್ಲಿ ಹೇಳುತ್ತಾನೆ. ಹೇಳುತ್ತಲೇ ಇರಬೇಕು.

ಎರಡನೇ ಸೀಸನ್ ಮುಗಿದಾಗ ಲೆಕ್ಕದಲ್ಲಿ ಸ್ವಲ್ಪ ಲಾಭ ಇತ್ತು. ನಾನು ಖುಷಿಯಿಂದ ಅಂಗಡಿಗೆ ಬಂದು ಉಪ್ಪನಿಗೆ ಹೇಳಿದೆ. ಉಪ್ಪ ಸಾಲದ ಪುಸ್ತಕದಿಂದ ತಲೆ ಎತ್ತದೆ ಕೇಳಿದರು:

“ಈಗ ಆ ಗದ್ದೆಯಲ್ಲಿ ಯಾರು ಆಡುತ್ತಿದ್ದಾರೆ ಮೋನೇ?”

“ಯಾರೂ ಇಲ್ಲ ಉಪ್ಪ. ಪಂದ್ಯಾಟ ಮುಗಿಯಿತಲ್ಲ.”

“ಹಾಗಾದರೆ ಅದು ಪೆರ್ನಾಲಿನ ವ್ಯಾಪಾರ. ಪೆರ್ನಾಲಿನ ವಾರ ಎಲ್ಲಾ ಅಂಗಡಿಯಲ್ಲೂ ಜನ ಇರ್ತಾರೆ. ಅಂಗಡಿ ನಿಲ್ಲುವುದು ದಿನಾ ಕಾಲು ಕಿಲೋ ಸಕ್ಕರೆ ತೆಗೆದುಕೊಂಡು ಹೋಗುವವನಿಂದ.”

ಆಟ ಬೆಳೆಸುವ ಬಗ್ಗೆ ನನಗೆ ಇದಕ್ಕಿಂತ ಸರಿಯಾದ ಮಾತು ಯಾರೂ ಹೇಳಿಲ್ಲ. ಪಂದ್ಯಾಟ ನೋಡುವವರನ್ನು ತರುತ್ತದೆ. ಆಡುವವರನ್ನು ತಯಾರು ಮಾಡುವುದು ಸಂಜೆ ಐದು ಗಂಟೆಗೆ ತೆರೆದಿರುವ ಮೈದಾನ. ಒಂದರ ಲಾಭ ಇನ್ನೊಂದಕ್ಕೆ ಹೋಗದಿದ್ದರೆ ಹತ್ತು ವರ್ಷ ಕಳೆದರೂ ನಾವು ತೆಂಕಿನಿಂದ ಬಾಡಿಗೆಗೆ ತಂದ ಆಟವನ್ನೇ ಟಿಕೆಟ್ ಕೊಟ್ಟು ನೋಡುತ್ತಿರುತ್ತೇವೆ.

ಕ್ಲಬ್‌ನ ಮೀಟಿಂಗ್‌ನಲ್ಲಿ ಇದನ್ನು ಹೇಳಿದಾಗ ಜಗಳವೇ ಆಯಿತು. “ಜನ ಬರುವುದೇ ದೊಡ್ಡ ತಂಡ ನೋಡಲಿಕ್ಕೆ ಮಾರಾಯ, ಆ ದುಡ್ಡು ಮಕ್ಕಳ ಬೂಟಿಗೆ ಹಾಕಿದರೆ ಮುಂದಿನ ವರ್ಷ ಯಾವ ತಂಡ ಕರೆಸುವುದು?” ಎಂದು ಖಜಾಂಚಿ ಕೇಳಿದರು. ಅವರ ಪ್ರಶ್ನೆಯಲ್ಲೂ ನ್ಯಾಯ ಉಂಟು. ಕೊನೆಗೆ ಟಿಕೆಟ್ ದುಡ್ಡಿನ ನಾಲ್ಕರಲ್ಲಿ ಒಂದು ಪಾಲು ಮಕ್ಕಳಿಗೆ ಎಂದು ತೀರ್ಮಾನವಾಯಿತು. ಅದರಲ್ಲಿ ತೆಂಕಿನಿಂದ ಒಬ್ಬ ಕೋಚ್ ವಾರಕ್ಕೆ ಮೂರು ಸಂಜೆ ಬರುತ್ತಾರೆ. ಹನ್ನೊಂದು ಮಕ್ಕಳಿಂದ ಶುರುವಾದದ್ದು ಈಗ ನಲವತ್ತರ ಹತ್ತಿರ. ಮೊಬೈಲ್ ಬಿಟ್ಟು ಬೆವರು ಸುರಿಸಿಕೊಂಡು ಬರುತ್ತಾರಲ್ಲ, ಅಷ್ಟೇ ಸಾಕು ಎನ್ನುವ ಉಮ್ಮಂದಿರೇ ಈಗ ನಮ್ಮ ಗಟ್ಟಿ ಬೆಂಬಲ.

ಗಡಿಯವರಿಗೆ ಮಾತ್ರ ಇರುವ ಒಂದು ತಮಾಷೆಯೂ ಇಲ್ಲಿದೆ. 2022ರ ಸಂತೋಷ್ ಟ್ರೋಫಿ ಸೆಮಿಫೈನಲ್ ಮಂಜೇರಿಯಲ್ಲಿ ನಡೆದಾಗ ಕೇರಳ ಕರ್ನಾಟಕವನ್ನು 7–3ರಿಂದ ಸೋಲಿಸಿತು. ಬದಲಿ ಆಟಗಾರನಾಗಿ ಇಳಿದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಮರುವರ್ಷ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಟ್ರೋಫಿ ಎತ್ತಿತು. ಅಲ್ಲಿ ದುಡಿಯುವ ನನ್ನ ಮಾಮನ ಮಗ ಎರಡೂ ವರ್ಷ ‘ನಾವು ಗೆದ್ದೆವು’ ಎಂದೇ ವಾಯ್ಸ್ ಕಳುಹಿಸಿದ! ನಮ್ಮ ಕನ್ನಡ ಶಾಲೆಯ ಮಕ್ಕಳು ಮುಂದೆ ಯಾವ ರಾಜ್ಯದ ಅಂಗಿ ಹಾಕಿದರೂ ನಮಗೆ ನಷ್ಟವಿಲ್ಲ. ಆದರೆ ಆ ಮಟ್ಟಕ್ಕೆ ಹೋಗುವ ದಾರಿ ಬೇಕು. 2024ರಲ್ಲಿ ಆರು ತಂಡಗಳೊಂದಿಗೆ ಶುರುವಾದ ಸೂಪರ್ ಲೀಗ್ ಕೇರಳದ ಬಡಗಿನ ಕೊನೆಯ ತಂಡ ಕಣ್ಣೂರಿನದ್ದು. ಅದರಿಂದಾಚೆಗಿನ ನಮ್ಮ ಮಕ್ಕಳನ್ನು ಯಾರಾದರೂ ನೋಡಬೇಕಾದರೆ ಮೊದಲು ನಾವೇ ಅವರನ್ನು ಆಡಿಸಬೇಕು.

ಹೆಣ್ಣುಮಕ್ಕಳ ಮಾತೂ ಹೇಳಿಬಿಡುತ್ತೇನೆ. ಭಾರತೀಯ ಮಹಿಳಾ ಲೀಗ್ ಅನ್ನು ಸತತ ಮೂರು ಸಲ ಗೆದ್ದ ಗೋಕುಲಂ ಕೇರಳದ ಮಹಿಳಾ ತಂಡ ನಮ್ಮ ರಾಜ್ಯದ್ದೇ. ನನ್ನ ತಂಗಿಯ ಮಗಳು ಶಾಲೆಯ ಅಂಗಳದಲ್ಲಿ ಗಂಡುಮಕ್ಕಳಿಗಿಂತ ಚೆನ್ನಾಗಿ ಆಡುತ್ತಾಳೆ. ಕ್ಲಬ್‌ಗೆ ಬರಲಿಕ್ಕೆ ಅವಳಿಗೆ ಜಾಗ ಇಲ್ಲ. ಮನೆಯವರಿಗೆ ಸರಿ ಅನಿಸುವ ಉಡುಪಿನಲ್ಲಿ, ಸುತ್ತಗೋಡೆ ಇರುವ ಅಂಗಳದಲ್ಲಿ, ಹೆಣ್ಣು ಕೋಚ್ ಇಟ್ಟು ಒಂದು ಗಂಟೆ ಆಡಿಸಿದರೆ ಏನು ಕಳೆದುಕೊಳ್ಳುತ್ತೇವೆ? ಉತ್ತರ ಕೊಡಬೇಕಾದವರು ಇದನ್ನು ಓದುವ ಮನೆಯವರು.

ಈಗ ನಮ್ಮ ಮುಂದಿರುವ ಕಷ್ಟ ಮೈದಾನದ್ದು. ಹೆದ್ದಾರಿ ಅಗಲವಾದ ಮೇಲೆ ಜಾಗದ ಬೆಲೆ ಏರಿದೆ. ಗದ್ದೆಯ ಯಜಮಾನರು ಒಳ್ಳೆಯವರು, ಇಷ್ಟು ವರ್ಷ ಬಾಡಿಗೆ ಕೇಳಲಿಲ್ಲ. ಅವರ ಮಕ್ಕಳು ಮುಂದಿನ ವರ್ಷ ಅಲ್ಲಿ ಮನೆ ಕಟ್ಟುತ್ತಾರೆ, ಅದು ಅವರ ಹಕ್ಕು. ಪಂದ್ಯಾಟಕ್ಕೆ ಬೇರೆ ಗದ್ದೆ ಸಿಕ್ಕೀತು. ನಲವತ್ತು ಮಕ್ಕಳಿಗೆ ವಾರಕ್ಕೆ ಮೂರು ಸಂಜೆ ಸಿಗುವ ಜಾಗ ಸುಲಭವಲ್ಲ. ಟರ್ಫ್‌ನ ಗಂಟೆ ಬಾಡಿಗೆ ನಮ್ಮ ಮಕ್ಕಳಿಗೆ ಆಗುವಂಥದ್ದಲ್ಲ. ಹತ್ತಿರದ ಸರಕಾರಿ ಶಾಲೆಯ ಅಂಗಳ ಸಮತಟ್ಟು ಮಾಡಿ ಬೇಲಿ ಹಾಕಿಸಿದರೆ ಶಾಲೆಯ ಮಕ್ಕಳಿಗೂ ಆಗುತ್ತದೆ, ಸಂಜೆ ನಮ್ಮವರಿಗೂ ಆಗುತ್ತದೆ. ಇದಕ್ಕೆ ಶಾಲೆಯ ರಕ್ಷಕ ಶಿಕ್ಷಕ ಸಂಘದ, ಪಂಚಾಯತ್‌ನ ಒಪ್ಪಿಗೆ ಬೇಕು. ಅರ್ಜಿ ಬರೆದಾಗಿದೆ.

ಗಲ್ಫ್‌ನಲ್ಲಿರುವ ಅಣ್ಣತಮ್ಮಂದಿರಲ್ಲಿ ಒಂದು ಮಾತು. ಈ ಸಲ ಟ್ರೋಫಿ ಕೊಡುತ್ತೇವೆ ಎಂದು ನಾಲ್ಕು ಕಡೆಯಿಂದ ಫೋನ್ ಬಂದಿದೆ. ನಿಮ್ಮ ಪ್ರೀತಿ ದೊಡ್ಡದು, ಆದರೆ ಕಳೆದ ವರ್ಷದ ಟ್ರೋಫಿಗಳಿಗೇ ಕಪಾಟಿನಲ್ಲಿ ಜಾಗವಿಲ್ಲ. ಒಂದು ಟ್ರೋಫಿಯ ಬದಲು ಬೇಲಿಯ ಹತ್ತು ಕಂಬ ಕೊಡಿ, ಇಲ್ಲವೇ ಕೋಚ್‌ನ ಒಂದು ತಿಂಗಳ ಸಂಬಳ ಕೊಡಿ. ಊರಿನಲ್ಲಿರುವವರು ಶಾಲೆಯ ಸಭೆ ನಡೆಯುವ ದಿನ ಬಂದು ಕೈ ಎತ್ತಿದರೂ ಸಾಕು. ಈ ವರ್ಷದ ರಶೀದಿ ಪುಸ್ತಕದಲ್ಲಿ ‘ಪಂದ್ಯಾಟ’, ‘ಮೈದಾನ’ ಎಂದು ಎರಡು ಕಾಲಂ ಮಾಡಿಸಿದ್ದೇವೆ. ‘ಮೈದಾನ’ದ ಕಾಲಂನಲ್ಲಿ ಮೊದಲ ರಶೀದಿ ಹರಿಸಿಕೊಂಡವರು ನನ್ನ ಉಪ್ಪ.