ನೀವಾಗಿದ್ದರೆ ಸಹಿ ಹಾಕ್ತಿದ್ರಾ, ಮೇಡಂ?

ಅದು ನನ್ನ ಅಭ್ಯಾಸ ಬೋಧನೆಯ ಹನ್ನೊಂದನೆಯ ಪಾಠ, ಒಂಬತ್ತನೇ ತರಗತಿಗೆ. ಮತ ಸುಧಾರಣೆಯ ಘಟಕಕ್ಕೆ ಪೂರಕವಾಗಿ, ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನ ಕಾಲದ ನಾಲ್ಕು ಶಾಸನಗಳನ್ನು ಚಾರ್ಟಿನಲ್ಲಿ ಬರೆದುಕೊಂಡು ಹೋಗಿದ್ದೆ.

1661: ಪಟ್ಟಣದ ಆಡಳಿತದಲ್ಲಿ ಹುದ್ದೆ ಬೇಕಾದವರು ಇಂಗ್ಲೆಂಡಿನ ಚರ್ಚಿನ ವಿಧಿಯಂತೆ ಪ್ರಸಾದ ಸ್ವೀಕರಿಸಿರಬೇಕು. 1662: ಪಾದ್ರಿಗಳು ಪರಿಷ್ಕೃತ ಪ್ರಾರ್ಥನಾ ಪುಸ್ತಕವನ್ನು ಸಂಪೂರ್ಣವಾಗಿ ಒಪ್ಪಬೇಕು. 1664: ಮನೆಯವರನ್ನು ಬಿಟ್ಟು ಐದು ಅಥವಾ ಹೆಚ್ಚು ಜನ ಬೇರೆ ಬಗೆಯ ಪ್ರಾರ್ಥನೆಗೆ ಕೂಡಿದರೆ ಅಪರಾಧ. 1665: ಒಪ್ಪದ ಪಾದ್ರಿ ನಿಗದಿತ ಪ್ರಮಾಣ ಮಾಡದಿದ್ದರೆ, ತಾನು ಹಿಂದೆ ಬೋಧಿಸಿದ್ದ ಊರಿನ ಐದು ಮೈಲಿಯೊಳಗೆ ಬರುವಂತಿಲ್ಲ.

ಮಕ್ಕಳು ತುಟಿಪಿಟಕ್ಕೆನ್ನದೆ ಬರೆದುಕೊಂಡರು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಮೇಷ್ಟ್ರುಗಳೂ ಒಪ್ಪಬೇಕಿತ್ತಾ?"

ನನಗೆ ಗೊತ್ತಿರಲಿಲ್ಲ. ಆದರೂ ಧೈರ್ಯವಾಗಿ, "ಇಲ್ಲಮ್ಮ, ಪಾದ್ರಿಗಳು ಮಾತ್ರ" ಎಂದೆ. ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ "ಪ್ರಶ್ನೆಯನ್ನು ಚೆನ್ನಾಗಿ ನಿಭಾಯಿಸಿದ್ದಾರೆ" ಎಂದು ಬರೆದರು.

ಸಂಜೆ ಗ್ರಂಥಾಲಯದಲ್ಲಿ ಓದಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. 1662ರ ಶಾಸನ ಶಿಕ್ಷಕರನ್ನೂ ಬಿಟ್ಟಿರಲಿಲ್ಲ. ಮನೆಪಾಠ ಹೇಳುವವರು ಕೂಡ ಚರ್ಚಿನ ಪ್ರಾರ್ಥನಾ ಕ್ರಮಕ್ಕೆ ಬದ್ಧರೆಂದು ಸಹಿ ಹಾಕಿ, ಬಿಷಪ್ಪರಿಂದ ಪರವಾನಗಿ ಪಡೆಯಬೇಕಿತ್ತು. ಪಡೆಯದೆ ಕಲಿಸಿದರೆ ಮೂರು ತಿಂಗಳ ಸೆರೆವಾಸ. ಪಾದ್ರಿಗಳಿಗೆ ಆಗಸ್ಟ್ 24 ಕೊನೆಯ ದಿನ. ಅಷ್ಟರೊಳಗೆ ಹೊಸ ಪುಸ್ತಕ ಹಲವರ ಕೈಗೆ ತಲುಪಿರಲೇ ಇಲ್ಲ. ಓದದ ಪುಸ್ತಕವನ್ನು ಒಪ್ಪಿದೆನೆಂದು ಹೇಳಬೇಕಾಗಿತ್ತು! 1660ರಿಂದ 1662ರೊಳಗೆ ಸುಮಾರು 2,000 ಮಂದಿ ಸ್ಥಾನ ಕಳೆದುಕೊಂಡರು. ಆದರೆ ಬಹುಪಾಲು ಪಾದ್ರಿಗಳು ಒಪ್ಪಿಕೊಂಡು ಉಳಿದರು.

ಮರುದಿನ ಪಾಠ ಆರಂಭಿಸುವ ಮೊದಲು, "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೆ. ಮಾರ್ಗದರ್ಶಕರು ಹಿಂದೆ ಕುಳಿತಿದ್ದರು. ನನ್ನ ದನಿ ನಡುಗುತ್ತಿತ್ತು. ಓದಿದ್ದನ್ನೆಲ್ಲ ವಿವರಿಸಿದೆ. ಅದೇ ಹುಡುಗಿ ಮತ್ತೆ ಎದ್ದಳು: "ನೀವಾಗಿದ್ದರೆ ಸಹಿ ಹಾಕ್ತಿದ್ರಾ, ಮೇಡಂ?"

ಸಂಬಳ, ಮನೆ, ಮಕ್ಕಳ ಮುಖ ಎಲ್ಲ ಕಣ್ಣ ಮುಂದೆ ಬಂತು. ಹಿಂದಿನ ದಿನ ಅಂಕ ಹೋಗುತ್ತದೆಂಬ ಅಂಜಿಕೆಗೇ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವಳು ನಾನು. "ಗೊತ್ತಿಲ್ಲ ಕಣಮ್ಮ" ಎಂದೆ. ತರಗತಿ ನಗಲಿಲ್ಲ. ಒಬ್ಬ ಹುಡುಗ, "ಹಾಕದಿದ್ರೆ ಮಕ್ಕಳಿಗೆ ಪಾಠ ಯಾರು ಮಾಡ್ತಾರೆ?" ಅಂದ. ಇನ್ನೊಬ್ಬಳು, "ಸುಳ್ಳು ಸಹಿ ಹಾಕಿದವರು ಏನು ಪಾಠ ಮಾಡ್ತಾರೆ?" ಅಂದಳು. ಗಂಟೆ ಬಾರಿಸುವವರೆಗೂ ಚರ್ಚೆ ನಡೆಯಿತು. 1689ರ ಸಹಿಷ್ಣುತಾ ಶಾಸನದ ಚಾರ್ಟು ಬಿಚ್ಚಲೇ ಇಲ್ಲ.

ಪಾಠಯೋಜನೆ ಪೂರ್ಣಗೊಂಡಿಲ್ಲವೆಂದು ಎರಡು ಅಂಕ ಹೋಯಿತು. ಅದು ನ್ಯಾಯವೇ. ಆದರೆ ಆ ನಲವತ್ತು ನಿಮಿಷಗಳಲ್ಲಿ ಮಕ್ಕಳ ಜೊತೆ ನಾನೂ ಪಾಠ ಕಲಿತೆ.