ನರಿಮೊಗರಿನ ಸೀಮೆಯಲ್ಲಿ ದೊಡ್ಡವರ ಭೇಟಿ

ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡಿಗೆ ಹೋಗುವ ರೈಲು ಪುತ್ತೂರು ದಾಟಿದ ಮೇಲೆ ನರಿಮೊಗರು ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಪುರುಷರಕಟ್ಟೆಯ ಅಂಗಡಿಗಳನ್ನು ಬಿಟ್ಟರೆ ಸುತ್ತ ಅಡಿಕೆ ತೋಟ, ಗುಡ್ಡ, ಗೇರುಮರ. ನೋಡಲು ಇಲ್ಲೇನಿದೆ ಎಂದು ಪ್ರವಾಸಿಗರು ಕೇಳಿಯಾರು. ಆದರೆ ಇದು ಕಣ್ಣಿಗಿಂತ ಕಿವಿಗೆ ಹೆಚ್ಚು ಕೊಡುವ ಸೀಮೆ, ತಾಳಮದ್ದಳೆಯ ಸೀಮೆ.

2011ರಲ್ಲಿ ವುಡಿ ಅಲೆನ್ ‘ಮಿಡ್‌ನೈಟ್ ಇನ್ ಪ್ಯಾರಿಸ್’ ಎಂಬ ಚಲನಚಿತ್ರ ನಿರ್ದೇಶಿಸಿದರು. ಗಿಲ್ ಎಂಬ ಅಮೆರಿಕದ ಬರಹಗಾರನನ್ನು ಮಧ್ಯರಾತ್ರಿ ಹಳೆಯ ಕಾರೊಂದು 1920ರ ದಶಕದ ಪ್ಯಾರಿಸ್ಸಿಗೆ ಒಯ್ಯುತ್ತದೆ. ಅಲ್ಲಿ ಹೆಮಿಂಗ್ವೆ, ಪಿಕಾಸೊ, ಡಾಲಿ ಎದುರಾಗುತ್ತಾರೆ. ನಗು ಉಕ್ಕಿಸುವ ಈ ಕಥೆಯೊಳಗೆ ಒಂದು ವಿಷಾದವೂ ಇದೆ. ಗಿಲ್‌ಗೆ ಸುವರ್ಣಯುಗವಾಗಿ ಕಂಡ ಕಾಲ ಅಲ್ಲಿಯ ಏಡ್ರಿಯಾನಾಳಿಗೆ ಸಪ್ಪೆ; ಅವಳಿಗೆ 1890ರ ದಶಕವೇ ಚಿನ್ನ. ಅಲ್ಲಿಗೆ ಹೋದರೆ ಆ ಕಾಲದ ಕಲಾವಿದರು ಇನ್ನೂ ಹಿಂದಿನದನ್ನು ಹೊಗಳುತ್ತಿರುತ್ತಾರೆ! ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಾತು ನಮ್ಮ ಮನೆಗಳಲ್ಲೂ ಹೊಸದೇನಲ್ಲ.

ಇಂಥ ಭೇಟಿಗೆ ಮಾಯದ ಕಾರು ಬೇಕಿಲ್ಲ ಎಂದು ತಾಳಮದ್ದಳೆ ತೋರಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿಗಳು ಕೃಷ್ಣನಾಗಿ, ಕರ್ಣನಾಗಿ ಎದುರುಬದುರು ಮಾತಾಡುತ್ತಾರೆ. ಹಾಡು ಬರೆದಿಟ್ಟದ್ದು, ಮಾತು ಆಗಲೇ ಹುಟ್ಟಬೇಕಾದದ್ದು. ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಮಾತುಗಾರಿಕೆಯಿಂದಲೇ ಮನೆಮಾತಾದರು. ಪ್ರಸಂಗ ಹಳೆಯದಾದರೂ ಉತ್ತರ ಇಂದಿನ ರಾತ್ರಿಯದು. ನಿನ್ನೆ ಸೋತ ವಾದ ಇಂದು ಗೆಲ್ಲಬಹುದು. ಸುವರ್ಣಯುಗಕ್ಕೆ ಹಿಂದಿರುಗುವುದಲ್ಲ, ಅಲ್ಲಿಯವರನ್ನು ನಮ್ಮ ಅಂಗಳಕ್ಕೆ ಕರೆದು ಪ್ರಶ್ನೆ ಕೇಳುವುದು ಇದರ ಬಗೆ.

ಇಲ್ಲಿಂದ ಪುತ್ತೂರಿಗೆ ಮರಳಿದರೆ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಶಾಲೆಯ ಮಕ್ಕಳು ಅಲ್ಲಿಗೆ ಹೋದಾಗ ‘ಅಂಥವರ ಕಾಲ ಮುಗಿಯಿತು’ ಎಂದು ನಿಟ್ಟುಸಿರಿಟ್ಟು ಬಂದರೆ ಸಾಲದು. ಕಾರಂತರು ಹಿಂದಿನದನ್ನು ಪೂಜಿಸುತ್ತ ಕುಳಿತವರಲ್ಲ. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು. ಮುಂದೆ ಯಕ್ಷಗಾನದಿಂದ ಮಾತನ್ನೇ ತೆಗೆದು ನೃತ್ಯರೂಪಕ ಕಟ್ಟಿದರು. ಮಾತೇ ಉಸಿರಾದ ತಾಳಮದ್ದಳೆಯ ನೆಲದಲ್ಲಿ ಬಾಳಿದವರ ಧೈರ್ಯ ಅದು!

ನಾಳೆ ಪರೀಕ್ಷೆಯಿದೆ ಎಂದು ಮಗುವನ್ನು ಬೇಗ ಮಲಗಿಸುವ ಮನೆಗಳಲ್ಲಿ ಇಂಥ ಭೇಟಿಗಳು ತಪ್ಪಿಹೋಗುತ್ತವೆ. ಕೇಳುವ ಎಳೆಯರಿಲ್ಲದಿದ್ದರೆ ನಾಳೆ ಅರ್ಥ ಹೇಳುವವರೂ ಇರುವುದಿಲ್ಲ. ರಜೆಯ ಒಂದು ರಾತ್ರಿಯಾದರೂ ಮಕ್ಕಳನ್ನು ‘ಕರ್ಣಭೇದನ’ಕ್ಕೆ ಕರೆದುಕೊಂಡು ಹೋಗಿ. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ದುರ್ಯೋಧನನ ಪಕ್ಷ ಬಿಡುವುದಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಆ ಜಾಗದಲ್ಲಿ ನೀನಿದ್ದರೆ ಕೃಷ್ಣನಿಗೆ ಏನು ಹೇಳುತ್ತಿದ್ದೆ?’