ಬಿಳಿಗಿರಿಗೆ ಬಿದ್ದ ಹೂಬೇಲಿ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಬಸ್ಸು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ತಿರುವುಗಳನ್ನು ಏರತೊಡಗಿದೊಡನೆ ರಸ್ತೆಯ ಇಬ್ಬದಿಯಲ್ಲೂ ಹಳದಿ, ಕಿತ್ತಳೆ, ಕೆಂಪು ಹೂಗೊಂಚಲುಗಳು ಎದುರಾಗುತ್ತವೆ. ಮಳೆಗಾಲ ಕಳೆದ ಮೇಲಂತೂ ಎತ್ತ ನೋಡಿದರೂ ಹಸಿರು. ಕಾಡು ಎಷ್ಟು ದಟ್ಟವಾಗಿದೆಯೆಂದು ಹಿಗ್ಗುವ ಪ್ರವಾಸಿಗರೇ ಹೆಚ್ಚು. ಬೆಟ್ಟದ ಮೂಲನಿವಾಸಿಗಳಾದ ಸೋಲಿಗರಿಗೆ ಮಾತ್ರ ಈ ಹಸಿರು ಕಂಡರೆ ಹಿಗ್ಗಾಗುವುದಿಲ್ಲ. ಅದು ಲಂಟಾನ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪೊದೆ ಯುರೋಪಿನ ತೋಟಗಾರರ ಕೈಯಲ್ಲಿ ಮಿಶ್ರತಳಿಗಳಾಗಿ ಅಂದ ಹೆಚ್ಚಿಸಿಕೊಂಡು, 1807ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಂಗಳಕ್ಕೆ ಅಲಂಕಾರ, ತೋಟಕ್ಕೆ ಬೇಲಿ. ದನ ಮೇಯದ, ನೀರು ಕೇಳದ ಗಿಡ ಯಾರಿಗೆ ತಾನೇ ಬೇಡ? ಬೇಲಿಗೆ ಒದಗಿದ ಆ ಗುಣಗಳೇ ಕಾಡಿಗೆ ಮುಳುವಾದವು.

ಗೊಂಚಲೊಂದನ್ನು ಹತ್ತಿರದಿಂದ ನೋಡಬೇಕು. ನಡುವೆ ಹಳದಿ, ಅಂಚಿನಲ್ಲಿ ಕೆಂಪು. ಆಗತಾನೇ ಅರಳಿದ ಹೂ ಹಳದಿ, ಮಕರಂದವಿರುವುದು ಅದರಲ್ಲಿ. ಪರಾಗಸ್ಪರ್ಶವಾದ ಮೇಲೆ ಬಣ್ಣ ಕಿತ್ತಳೆಗೆ, ಕೆಂಪಿಗೆ ತಿರುಗುತ್ತದೆ. ಚಿಟ್ಟೆ ಹಳದಿಯನ್ನೇ ಅರಸಿ ಕೂರುತ್ತದೆ. ಕೆಲಸ ಮುಗಿದ ಕೆಂಪು ಹೂಗಳು ಉದುರದೆ ನಿಂತು ಗೊಂಚಲನ್ನು ದೂರಕ್ಕೆ ಕಾಣಿಸುತ್ತವೆ, ಅಂಗಡಿಯ ಬೋರ್ಡಿನಂತೆ! ಆಮೇಲೆ ಕಪ್ಪು ಹಣ್ಣು. ಪಿಕಳಾರ, ಗೊರವಂಕಗಳು ಅದನ್ನು ತಿಂದು ಹೋದಲ್ಲೆಲ್ಲ ಬೀಜ ಬೀಳಿಸುತ್ತವೆ. ಎಲೆಯ ವಿಷ ದನಗಳ ಯಕೃತ್ತನ್ನೇ ಕೆಡಿಸಬಲ್ಲದು. ಕಡಿದರೆ ಬುಡದಿಂದ ಮತ್ತೆ ಚಿಗುರು.

ಈ ಬೆಟ್ಟಗಳಲ್ಲಿ ಸಂಶೋಧಕರು 1997ರಲ್ಲಿ ನೋಡಿದ್ದ ತಾಣಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಹೊಕ್ಕ ತಾಣಗಳು ಸುಮಾರು ಎರಡು ಪಟ್ಟಾಗಿದ್ದವು. ಅದರಡಿ ಹುಲ್ಲು ಬೆಳೆಯದು. ಹುಲ್ಲಿಲ್ಲದಿದ್ದರೆ ಕಾಟಿ, ಜಿಂಕೆಗಳು ಮೇಯುವುದೇನನ್ನು?

ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮುನ್ನ ಉದುರೆಲೆಗೆ ಬೆಂಕಿ ಇಡುತ್ತಿದ್ದರು. ಅದು ತರಗುಬೆಂಕಿ. ನೆಲದ ಮಟ್ಟದಲ್ಲೇ ಬೇಗ ಹರಿದು ಆರಿಹೋಗುವಂಥದ್ದು. ಅದರಿಂದ ಲಂಟಾನದ ಎಳೆಸಸಿ ಸಾಯುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರವನ್ನು ಹೀರುವ ಬಂದಳಿಕೆಯೂ ಹದ್ದಿನಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯರು. 1974ರಲ್ಲಿ ಇದು ಅಭಯಾರಣ್ಯವಾದ ಮೇಲೆ ಬೆಂಕಿ ನಿಷಿದ್ಧವಾಯಿತು. ಲಂಟಾನ ಹಬ್ಬಿದ್ದಕ್ಕೆ ಅದೊಂದೇ ಕಾರಣವೆನ್ನಲಾಗದು. ಆದರೂ ನಿಲ್ಲಿಸುವ ಮೊದಲು ಹಚ್ಚುವವರ ಕಾರಣವನ್ನು ಕೇಳಬಹುದಿತ್ತು. ಈಗ ಮತ್ತೆ ಹಚ್ಚುತ್ತೇವೆಂದರೆ ಅದೂ ಸುಲಭವಿಲ್ಲ: ಆಳೆತ್ತರ ಮೀರಿದ ಒಣ ಪೊದೆಯೇ ಏಣಿಯಾಗಿ ಉರಿಯನ್ನು ಮರದ ತಲೆಗೆ ಹತ್ತಿಸುತ್ತದೆ.

2011ರಲ್ಲಿ ಸೋಲಿಗರಿಗೆ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರಗಳು ದೊರೆತವು. ಜೇನು, ನೆಲ್ಲಿ ತರುವ ಹಕ್ಕೇನೋ ಕಾಗದದಲ್ಲಿದೆ. ನೆಲ್ಲಿಮರದ ಬುಡಕ್ಕೆ ಹೋಗಲು ಮುಳ್ಳುಪೊದೆಯಲ್ಲಿ ಕತ್ತಿಯಿಂದ ದಾರಿ ಬಿಡಿಸಬೇಕು. ಪೊದೆಯಾಚೆ ಆನೆಯೋ ಕರಡಿಯೋ ನಿಂತಿದ್ದರೂ ತಿಳಿಯದು.

ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದೇ ಗಿಡದ ಕೋಲುಗಳನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಲ್ಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ನೋಡಲು ಬೆತ್ತದಂತೆಯೇ ಇರುತ್ತದೆ. ಕೂಲಿಗೆ ಅದೊಂದು ದಾರಿ. ಕಾಡಿನಿಂದ ಅವರು ಒಂದು ಹೊರೆ ಕಡಿದು ತರುವಷ್ಟರಲ್ಲಿ, ಹಿಂದಿನ ಸಲ ಕಡಿದ ಬುಡದಲ್ಲಿ ಹೊಸ ಕೋಲು ಎದ್ದಿರುತ್ತದೆ.